ಒಂದು ಕಾಲೇಜಿಗೆ ಎಷ್ಟು ಕ್ಲೌಡ್ ಅಕೌಂಟ್ ಬೇಕು?

ಮೊದಲು ತಪ್ಪೊಪ್ಪಿಗೆ. ಕಳೆದ ಸೆಮಿಸ್ಟರಿನಲ್ಲಿ ನಮ್ಮ ಕನ್ನಡ ಸಂಘದ ಅಜ್ಜ-ಅಜ್ಜಿಯರ ಮಾತಿನ ರೆಕಾರ್ಡಿಂಗ್‌ಗಳೆಲ್ಲ ಮಾಯ ಆದವಲ್ಲ, ಅದು ಹ್ಯಾಕರ್ ಮಾಡಿದ್ದಲ್ಲ, ಸರ್ವರ್ ಕ್ರ್ಯಾಶ್ ಆಗಿದ್ದೂ ಅಲ್ಲ. ವಾಟ್ಸ್ಯಾಪ್ ಗ್ರೂಪಿನಲ್ಲಿ ‘ಟೆಕ್ನಿಕಲ್ ಇಶ್ಯೂ’ ಅಂತ ಮೆಸೇಜ್ ಹಾಕಿದ್ದೆವು. ಆ ಟೆಕ್ನಿಕಲ್ ಇಶ್ಯೂನೇ ಈಗ ಈ ಲೇಖನ ಬರೀತಾ ಇದೆ.

ನಡೆದದ್ದು ಇಷ್ಟು. ನಮ್ಮ ಕಾಲೇಜಿನ ಕ್ಲಬ್‌ಗಳಿಗೆಲ್ಲ ಸೇರಿ ಇರೋದು ಒಂದೇ ಎಡಬ್ಲ್ಯುಎಸ್ ಅಕೌಂಟ್. ಫೆಸ್ಟಿನ ರಿಜಿಸ್ಟ್ರೇಷನ್ ಸೈಟ್, ರೊಬೊಟಿಕ್ಸ್‌ನವರ ಪ್ರಯೋಗಗಳು, ಕೋಡಿಂಗ್ ಕ್ಲಬ್ಬಿನ ವರ್ಕ್‌ಶಾಪ್, ನಮ್ಮ ಪತ್ರಿಕೆಯ ಹಳೆ ಸಂಚಿಕೆಗಳು, ಆ ರೆಕಾರ್ಡಿಂಗ್‌ಗಳು, ಎಲ್ಲಾ ಅಲ್ಲೇ. ವರ್ಕ್‌ಶಾಪ್‌ಗೆ ಬಂದ ಅರವತ್ತು ಜನ ಜೂನಿಯರ್‌ಗಳು ಒಬ್ಬೊಬ್ಬರೂ ‘ಟೆಸ್ಟ್’ ಅಂತ ಶುರುವಾಗೋ ಒಂದೊಂದು ಸ್ಟೋರೇಜ್ ಬಕೆಟ್ ಮಾಡಿಟ್ಟು ಮನೆಗೆ ಹೋದರು. ಕ್ಲೀನ್ ಮಾಡೋ ಕೆಲಸ ವಾಲಂಟಿಯರ್ ಆದ ನನ್ನ ಪಾಲಿಗೆ ಬಂತು. ಅರವತ್ತನ್ನು ಒಂದೊಂದಾಗಿ ಅಳಿಸೋಕೆ ಯಾರಿಗೆ ತಾಳ್ಮೆ? ‘ಟೆಸ್ಟ್’ ಅಂತ ಶುರುವಾಗೋದನ್ನೆಲ್ಲ ಒಳಗಿರೋದರ ಸಮೇತ ತೆಗೆದುಹಾಕು ಅಂತ ಆರು ಸಾಲಿನ ಸ್ಕ್ರಿಪ್ಟ್ ಬರೆದು ಓಡಿಸಿ, ಮೆಸ್ಸಿಗೆ ಊಟಕ್ಕೆ ಹೋದೆ. ಅವತ್ತು ಬಿಸಿಬೇಳೆಬಾತ್ ಇತ್ತು, ಅದೂ ನೆನಪಿದೆ.

ನನಗೆ ಗೊತ್ತಿಲ್ಲದ್ದು ಏನಂದ್ರೆ, ಮೂರು ವರ್ಷದ ಹಿಂದೆ ಯಾರೋ ಸೀನಿಯರ್ ರೆಕಾರ್ಡಿಂಗ್‌ಗಳನ್ನು ಪ್ರಯೋಗಕ್ಕೆ ಅಂತ ಒಂದು ಬಕೆಟ್ಟಿಗೆ ಹಾಕಿ, ಅದು ಸರಿಯಾಗಿ ಕೆಲಸ ಮಾಡಿದ್ದರಿಂದ ಅಲ್ಲೇ ಬಿಟ್ಟಿದ್ದರು. ಅದರ ಹೆಸರು ‘ಟೆಸ್ಟ್-ಅಪ್‌ಲೋಡ್-ಫೈನಲ್’. ವರ್ಷನಿಂಗ್ ಆನ್ ಮಾಡಿರಲಿಲ್ಲ. ವರ್ಷನಿಂಗ್ ಇಲ್ಲದ ಬಕೆಟ್ಟಿನಿಂದ ಫೈಲ್ ಹೋದರೆ ಹೋಯಿತು. ರೀಸೈಕಲ್ ಬಿನ್ ಅನ್ನೋದು ಅಲ್ಲಿಲ್ಲ.

ಒಟ್ಟು 38 ರೆಕಾರ್ಡಿಂಗ್ ಇದ್ದವು. ಹಳೆ ಫೋನು, ಲ್ಯಾಪ್‌ಟಾಪು, ವಾಟ್ಸ್ಯಾಪ್ ಗ್ರೂಪು ಎಲ್ಲ ಹುಡುಕಿ 31 ವಾಪಸ್ ಸಿಕ್ಕವು. ಏಳು ಸಿಗಲಿಲ್ಲ. ಆ ಏಳರಲ್ಲಿ ಒಂದು ನಮ್ಮ ಕ್ಲಾಸಿನವಳ ಅಜ್ಜಿಯದು. ಯಳಂದೂರು ಕಡೆಯವರು, ಸೋಬಾನೆ ಪದ ಹೇಳ್ತಾ ಹೇಳ್ತಾ ನಡುವೆ ಮೊಮ್ಮಗಳಿಗೆ ‘ಇದ ಮಡಗು, ಕಾಫಿ ಕುಡ್ಕೊ’ ಅಂತ ಗದರಿಸಿದ್ದರು. ಆ ಅಜ್ಜಿ ಜನವರಿಯಲ್ಲಿ ತೀರಿಕೊಂಡರು. ನಾನು ಹೋಗಿ ನಿಜ ಹೇಳಿದಾಗ ಅವಳು ಏನೂ ಅನ್ನಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು.

ಇದಾದಮೇಲೆ ಕ್ಲಬ್‌ಗಳ ಮೀಟಿಂಗ್ ಆಯಿತು. ಮೂರು ಮತ. ಫೈನಲ್ ಇಯರಿನ ಸೀನಿಯರ್ ಒಬ್ಬರು, ‘ಅಕೌಂಟ್ ಒಂದೇ ಸಾಕು, ಪರ್ಮಿಷನ್ ಸರಿಯಾಗಿ ಕೊಡ್ರೋ, ನೀವೇನು ಕಂಪನಿ ನಡೆಸ್ತಿದೀರಾ’ ಅಂದರು. ನನ್ನ ರೂಮ್‌ಮೇಟ್, ‘ಕ್ಲಬ್‌ಗೊಂದು ಅಕೌಂಟ್ ಮಾಡಿ, ಅವರವರ ಹಣೆಬರಹ ಅವರಿಗೆ’ ಅಂದ. ಹಾಗೆ ಮಾಡಿದರೆ ಹನ್ನೊಂದಾಗುತ್ತೆ. ಕೋಆರ್ಡಿನೇಟರ್ ಮೇಡಂ, ‘ಎಷ್ಟಾದ್ರೂ ಮಾಡ್ಕೊಳಿ, ಬಿಲ್ ಮಾತ್ರ ನನ್ನ ಕಾರ್ಡಿಗೆ ಬರಬಾರದು’ ಅಂದರು. ಮುಂದಿನ ತಿಂಗಳು ತೀರ್ಮಾನ ಆಗಬೇಕು. ಅಪರಾಧಿಗೂ ಒಂದು ಅಭಿಪ್ರಾಯ ಇರಬಹುದಲ್ವಾ? ನನ್ನದು ಇಲ್ಲಿದೆ.

ಎಡಬ್ಲ್ಯುಎಸ್‌ನಲ್ಲಿ ಅಕೌಂಟ್ ಅಂದ್ರೆ ಜೀಮೇಲ್ ಅಕೌಂಟ್ ಥರ ಬರೀ ಒಂದು ಲಾಗಿನ್ ಅಲ್ಲ. ಅದೊಂದು 12 ಅಂಕಿಯ ನಂಬರ್ ಇರೋ ಕಾಂಪೌಂಡು. ಅದರೊಳಗೆ ನೂರು ಜನ ಲಾಗಿನ್ ಆಗಬಹುದು, ಆದರೆ ನೀವಾಗೇ ಬಾಗಿಲು ತೆಗೆದು ಕೊಡದಿದ್ದರೆ ಒಂದು ಕಾಂಪೌಂಡಿನಿಂದ ಇನ್ನೊಂದಕ್ಕೆ ಕೈ ಹೋಗಲ್ಲ. ಗೂಗಲ್ ಕ್ಲೌಡ್‌ನಲ್ಲಿ ಹೆಚ್ಚುಕಡಿಮೆ ಈ ಕೆಲಸ ಮಾಡೋದು ‘ಪ್ರಾಜೆಕ್ಟ್’, ಮೈಕ್ರೋಸಾಫ್ಟ್ ಅಜೂರ್‌ನಲ್ಲಿ ‘ಸಬ್‌ಸ್ಕ್ರಿಪ್ಷನ್’. ಹೆಸರು ಬೇರೆ, ಪ್ರಶ್ನೆ ಅದೇ. ಎಷ್ಟು ಗೋಡೆ ಕಟ್ಟಬೇಕು?

ತುಮಕೂರಿನಲ್ಲಿ ನಾವು ಬಾಡಿಗೆಗೆ ಇದ್ದ ಬಿಲ್ಡಿಂಗಿನಲ್ಲಿ ಮೂರು ಮನೆಗೆ ಸೇರಿ ಕರೆಂಟ್ ಮೀಟರ್ ಒಂದೇ ಇತ್ತು. ಪ್ರತಿ ತಿಂಗಳೂ ಜಗಳ. ಮೇಲಿನ ಮನೆಯವರದು ಗೀಸರ್, ಕೆಳಗಿನವರದು ಇಸ್ತ್ರಿ ಅಂಗಡಿ, ನಮ್ಮದು ಎರಡು ಫ್ಯಾನ್, ಬಿಲ್ಲು ಮಾತ್ರ ಸಮಪಾಲು. ಸಂಪೂ ಒಂದೇ, ಮೇಲಿನ ಟ್ಯಾಂಕೂ ಒಂದೇ. ಯಾರೋ ಒಬ್ಬರು ನಲ್ಲಿ ತಿರುಗಿಸಿ ಮರೆತು ಊರಿಗೆ ಹೋದರೆ ಎಲ್ಲರಿಗೂ ಸ್ನಾನ ಕಟ್. ನಮ್ಮಮ್ಮ ಓನರ್ ಹತ್ರ ಮೊದಲು ಕೇಳಿದ್ದು ಬಾಡಿಗೆ ಕಡಿಮೆ ಮಾಡಿ ಅಂತಲ್ಲ, ಬೇರೆ ಮೀಟರ್ ಹಾಕಿಸಿಕೊಡಿ ಅಂತ. ಕ್ಲೌಡ್ ಅಕೌಂಟ್ ವಿಷಯ ಓದುವಾಗೆಲ್ಲ ನನಗೆ ಆ ಬಿಲ್ಡಿಂಗೇ ಕಣ್ಣ ಮುಂದೆ ಬರುತ್ತೆ. ಬಿಲ್ಲು ಹರಿಯೋದೂ, ಟ್ಯಾಂಕು ಖಾಲಿ ಆಗೋದೂ ಅಕೌಂಟ್ ಲೆಕ್ಕದಲ್ಲೇ.

ಟ್ಯಾಂಕ್ ಅಂದ್ರೆ ಇಲ್ಲಿ ಕೋಟಾ. ಉದಾಹರಣೆಗೆ ಲ್ಯಾಂಬ್ಡಾ ಅನ್ನೋ ಸೇವೆ. ಒಂದು ಅಕೌಂಟಿನಲ್ಲಿ, ಒಂದು ರೀಜನ್‌ನಲ್ಲಿ, ಒಂದೇ ಸಲಕ್ಕೆ ಸಾಮಾನ್ಯವಾಗಿ 1000 ಫಂಕ್ಷನ್‌ಗಳು ಓಡಬಹುದು, ಹೊಸ ಅಕೌಂಟಾದರೆ ಇನ್ನೂ ಕಡಿಮೆ. ಅರ್ಜಿ ಹಾಕಿ ಜಾಸ್ತಿ ಮಾಡಿಸಿಕೊಳ್ಳಬಹುದು, ಅದು ಬೇರೆ ಮಾತು. ರೊಬೊಟಿಕ್ಸ್‌ನವನೊಬ್ಬ ಒಂದು ಫಂಕ್ಷನ್ನನ್ನು ಬಿಡದೆ ಒಂದೇ ಸಮನೆ ಕರೀತಾ ಇರೋ ಹಾಗೆ ಲೂಪ್ ಬರೆದುಬಿಟ್ಟರೆ, ಆ ಇಡೀ ಮಿತಿಯನ್ನು ಅದೊಂದೇ ಕುಡಿದುಹಾಕುತ್ತೆ. ಅದೇ ಹೊತ್ತಿಗೆ ಫೆಸ್ಟ್ ರಿಜಿಸ್ಟ್ರೇಷನ್ ಕೂಡ ಅದೇ ಅಕೌಂಟಿನ ಲ್ಯಾಂಬ್ಡಾ ಮೇಲೆ ನಿಂತಿದ್ದರೆ, ಹೊರಗಿನ ಕಾಲೇಜಿನವರು ಫಾರಂ ತುಂಬಿ ಬಟನ್ ಒತ್ತಿದಾಗ ಎರರ್. ಇಬ್ಬರ ಕೋಡಿಗೂ ಸಂಬಂಧವೇ ಇಲ್ಲ. ಪರ್ಮಿಷನ್ ಎಷ್ಟು ಚೆನ್ನಾಗಿ ಬರೆದಿದ್ದರೂ ಇದು ತಪ್ಪಲ್ಲ, ಯಾಕಂದ್ರೆ ಅವನು ಯಾರ ವಸ್ತುವನ್ನೂ ಮುಟ್ಟಿಲ್ಲ, ನೀರು ಖರ್ಚು ಮಾಡಿದ್ದಾನೆ ಅಷ್ಟೆ.

ಬಿಲ್ಲಿನ ಕಥೆ ಎಲ್ಲರಿಗೂ ಗೊತ್ತು. ಹೋದ ವರ್ಷ ಯಾರೋ ಜಿಪಿಯು ಮೆಷಿನ್ ಆನ್ ಮಾಡಿ ವೀಕೆಂಡಿಗೆ ಊರಿಗೆ ಹೋದರು. ಯಾರು ಅಂತ ಇವತ್ತಿಗೂ ಪತ್ತೆ ಇಲ್ಲ. ಟ್ಯಾಗ್ ಹಾಕಿ ಅಂತ ರೂಲ್ ಇತ್ತು. ರೂಲ್ ಇದ್ದಿದ್ದಕ್ಕೂ ಟ್ಯಾಗ್ ಇದ್ದಿದ್ದಕ್ಕೂ ವ್ಯತ್ಯಾಸ ಇದೆ.

ಆದರೆ ನನಗೆ ನಿಜಕ್ಕೂ ನಿದ್ದೆ ಕೆಡಿಸಿದ್ದು ಇವೆರಡೂ ಅಲ್ಲ. ಕೋಡ್ ಸ್ಪೇಸಸ್ ಅಂತ ಒಂದು ಕಂಪನಿ ಇತ್ತು. ಬೇರೆ ಕಂಪನಿಗಳ ಸೋರ್ಸ್ ಕೋಡ್ ಇಟ್ಟುಕೊಳ್ಳೋದೇ ಅವರ ಕಸುಬು. 2014ರ ಜೂನ್‌ನಲ್ಲಿ ಅವರ ಮೇಲೆ ದಾಳಿ ಆಯಿತು. ದಾಳಿ ಮಾಡಿದವನು ಅವರ ಎಡಬ್ಲ್ಯುಎಸ್ ಕಂಟ್ರೋಲ್ ಪ್ಯಾನೆಲ್ ಒಳಗೆ ಸೇರಿಕೊಂಡು ದುಡ್ಡು ಕೇಳಿದ. ಇವರು ಪಾಸ್‌ವರ್ಡ್ ಬದಲಾಯಿಸಿ ಅವನನ್ನು ಆಚೆ ಹಾಕೋಕೆ ನೋಡಿದರು. ಅವನು ಮೊದಲೇ ಬೇರೆ ಲಾಗಿನ್‌ಗಳನ್ನು ಮಾಡಿಟ್ಟುಕೊಂಡಿದ್ದ. ಇವರು ಎದುರು ನಿಂತಿದ್ದು ಕಂಡ ಕೂಡಲೇ ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸುತ್ತಾ ಹೋದ. ಸುಮಾರು 12 ಗಂಟೆಯಲ್ಲಿ ಎಲ್ಲ ಮುಗಿದಿತ್ತು. ಡೇಟಾ ಹೋಯಿತು, ಮೆಷಿನ್‌ಗಳು ಹೋದವು, ಬ್ಯಾಕಪ್‌ಗಳೂ ಬಹುಪಾಲು ಹೋದವು. ನಮ್ಮ ಕೈಲಿ ಇನ್ನು ನಡೆಸೋಕೆ ಆಗಲ್ಲ ಅಂತ ಕಂಪನಿ ಬಾಗಿಲು ಹಾಕಿತು.

ಬ್ಯಾಕಪ್ ಮಾಡಿರಲಿಲ್ಲ ಅಂತ ಅವರನ್ನು ಯಾರೂ ಅನ್ನೋ ಹಾಗಿಲ್ಲ. ಬ್ಯಾಕಪ್ ಮಾಡಿದ್ದರು. ಆದರೆ ಅಸಲು ಅಳಿಸೋಕೆ ಬೇಕಾದ ಕೀಲಿಯೂ, ಬ್ಯಾಕಪ್ ಅಳಿಸೋಕೆ ಬೇಕಾದ ಕೀಲಿಯೂ ಒಂದೇ ಗೊಂಚಲಿನಲ್ಲಿತ್ತು. ಇದನ್ನು ಓದಿದ ದಿನ ನಾನು ನಮ್ಮ ಕ್ಲಬ್ ಅಕೌಂಟ್ ತೆಗೆದು ನೋಡಿದೆ. ಪತ್ರಿಕೆಯ ಹಳೆ ಸಂಚಿಕೆಗಳಿಗೆ ಬ್ಯಾಕಪ್ ಇದೆ, ಖುಷಿ. ಎಲ್ಲಿದೆ? ಅದೇ ಅಕೌಂಟಿನ ಪಕ್ಕದ ಬಕೆಟ್ಟಿನಲ್ಲಿ. ಅದರ ಹೆಸರು ‘ಟೆಸ್ಟ್’ ಅಂತ ಶುರುವಾಗಿರಲಿಲ್ಲ ಅನ್ನೋದೊಂದೇ ನಮ್ಮ ಪುಣ್ಯ.

ಈಗ ಸೀನಿಯರ್ ಅವರ ವಾದಕ್ಕೆ ಬರ್ತೀನಿ, ಯಾಕಂದ್ರೆ ಅದು ದಡ್ಡ ವಾದ ಅಲ್ಲ. ಅವರು ಹೇಳೋದು: ನಿನ್ನ ಯೂಸರ್‌ಗೆ ಅಡ್ಮಿನ್ ಪರ್ಮಿಷನ್ ಕೊಟ್ಟಿದ್ದೇ ತಪ್ಪು. ವರ್ಕ್‌ಶಾಪಿನ ಬಕೆಟ್ ಮಾತ್ರ ಅಳಿಸೋ ಪರ್ಮಿಷನ್ ಕೊಟ್ಟಿದ್ದರೆ ಈ ಅನಾಹುತ ಆಗ್ತಿರಲಿಲ್ಲ. ಅದಕ್ಕೆ ಐಎಎಮ್ ಇದೆ, ಹೊಸ ಅಕೌಂಟ್ ಯಾಕೆ? ನೂರಕ್ಕೆ ನೂರು ಸರಿ. ವರ್ಷನಿಂಗ್ ಆನ್ ಇದ್ದಿದ್ದರೂ ಆಗ್ತಿರಲಿಲ್ಲ. ನಾನು ಸ್ಕ್ರಿಪ್ಟ್ ಓಡಿಸೋ ಮುಂಚೆ ಒಂದು ಸಲ ಲಿಸ್ಟ್ ಓದಿದ್ದರೂ ಆಗ್ತಿರಲಿಲ್ಲ.

ಆದರೆ ಈ ಮೂರಕ್ಕೂ ಯಾರೋ ಒಬ್ಬರು ನೆನಪಿಟ್ಟುಕೊಂಡು ಏನೋ ಒಂದು ಮಾಡಬೇಕು. ಒಂದೇ ಅಕೌಂಟಿನಲ್ಲಿ ಒಬ್ಬ ಅಡ್ಮಿನ್‌ಗೆ ಎಲ್ಲವೂ ತೆರೆದ ಬಾಗಿಲೇ. ಮುಚ್ಚಬೇಕಾದ್ದನ್ನು ಪ್ರತಿ ಸಲ, ಪ್ರತಿ ಹೊಸ ಬಕೆಟ್ಟಿಗೆ, ಪ್ರತಿ ಹೊಸ ವಾಲಂಟಿಯರ್‌ಗೆ ನಾವೇ ಮುಚ್ಚಬೇಕು. ಮರೆತರೆ ವಸ್ತು ಹೋಗುತ್ತೆ. ಎರಡು ಅಕೌಂಟ್ ಇದ್ದರೆ ಮೊದಲಿಂದಲೇ ಮುಚ್ಚಿರುತ್ತೆ, ಬೇಕಾದ್ದನ್ನು ನಾವು ತೆಗೀಬೇಕು. ಮರೆತರೆ ಕೆಲಸ ನಿಲ್ಲುತ್ತೆ, ಯಾರೋ ಗ್ರೂಪಿನಲ್ಲಿ ‘ಆಕ್ಸೆಸ್ ಡಿನೈಡ್ ಬರ್ತಿದೆ ಯಾರಾದ್ರೂ ನೋಡ್ರೋ’ ಅಂತ ಕಿರುಚ್ತಾರೆ. ನಮ್ಮಂಥ ಜನ ಮರೀತೀವಿ ಅನ್ನೋದು ಗ್ಯಾರಂಟಿ. ಇಂಟರ್ನಲ್ಸ್ ಬಂದ ವಾರದಲ್ಲಿ ನಮಗೆ ನಮ್ಮ ಹೆಸರೇ ನೆನಪಿರಲ್ಲ. ಹಾಗಿದ್ದಮೇಲೆ ಮರೆತಾಗ ಯಾವ ಕಡೆ ಬೀಳ್ತೀವಿ ಅನ್ನೋದನ್ನಾದರೂ ಮೊದಲೇ ಆರಿಸಿಕೊಳ್ಳಬಹುದಲ್ಲ. ಸೀನಿಯರ್ ಅವರಿಗೆ ನನ್ನ ಉತ್ತರ ಇದೊಂದೇ. ಐಎಎಮ್ ಬೇಡ ಅಂತ ಅಲ್ಲ, ಅಕೌಂಟಿನ ಒಳಗೆ ಅದು ಬೇಕೇ ಬೇಕು.

ಹಾಗಾದ್ರೆ ರೂಮ್‌ಮೇಟ್ ಹೇಳಿದ ಹನ್ನೊಂದೇ ಸರಿ ಅಲ್ವಾ? ಇಲ್ಲ. ಅವನ ಮೇಲೆ ಪ್ರೀತಿ ಇದೆ, ಅವನ ಲೆಕ್ಕದ ಮೇಲಿಲ್ಲ.

ಮೊದಲನೆಯದಾಗಿ ನಮ್ಮ ಕ್ಲಬ್‌ಗಳ ಆಯಸ್ಸು ನೋಡಿ. ನಾನು ಸೇರಿದಾಗ ಇದ್ದ ಬ್ಲಾಕ್‌ಚೈನ್ ಕ್ಲಬ್ ಈಗಿಲ್ಲ. ಎಐ ಕ್ಲಬ್ ಒಡೆದು ಎರಡಾಗಿದೆ, ಇಬ್ಬರೂ ತಾವೇ ಒರಿಜಿನಲ್ ಅಂತಾರೆ. ಮನುಷ್ಯರ ಗುಂಪು ನೋಡಿ ಅಕೌಂಟ್ ಮಾಡಿದರೆ, ಗುಂಪು ಒಡೆದಾಗೆಲ್ಲ ಸರ್ವರ್‌ಗೂ ಪಾಲು ಪಂಚಾಯ್ತಿ ಮಾಡಬೇಕಾಗುತ್ತೆ. ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಓಡ್ತಾ ಇರೋ ವ್ಯವಸ್ಥೆಯನ್ನು ಸಾಗಿಸೋದು ಫೋಲ್ಡರ್ ಎಳೆದು ಹಾಕಿದಷ್ಟು ಸುಲಭ ಅಲ್ಲ, ಬಹುಪಾಲು ಮತ್ತೆ ಕಟ್ಟಬೇಕು. ಬಹು ಅಕೌಂಟ್‌ಗಳ ಬಗ್ಗೆ ಎಡಬ್ಲ್ಯುಎಸ್‌ನವರೇ ಕೊಡೋ ಸಲಹೆಯಲ್ಲೂ ಇದಿದೆ: ಕಂಪನಿಯಲ್ಲಿ ಯಾರು ಯಾರಿಗೆ ರಿಪೋರ್ಟ್ ಮಾಡ್ತಾರೆ ಅನ್ನೋದನ್ನು ನಕಲು ಹೊಡೆಯಬೇಡಿ, ಕೆಲಸದ ಸ್ವಭಾವ ಮತ್ತು ಭದ್ರತೆಯ ಅಗತ್ಯ ನೋಡಿ ಗುಂಪು ಮಾಡಿ. ಅವರು ಹೇಳೋದನ್ನೆಲ್ಲ ನಾನು ಕಣ್ಣುಮುಚ್ಚಿ ನಂಬಲ್ಲ, ಅಕೌಂಟ್ ಜಾಸ್ತಿ ಆದರೆ ಅವರಿಗೇನು ನಷ್ಟ? ಆದರೆ ಈ ಮಾತು ನಮ್ಮ ಕಾಲೇಜಿಗೆ ಹೇಳಿ ಮಾಡಿಸಿದ ಹಾಗಿದೆ.

ಎರಡನೆಯದು, ಅಕೌಂಟ್ ತೆರೆಯೋಕೆ ದುಡ್ಡಿಲ್ಲ, ಆದರೆ ಅದರೊಳಗೆ ಸಂಸಾರ ಹೂಡೋಕೆ ಇದೆ. ಪ್ರೈವೇಟ್ ನೆಟ್‌ವರ್ಕಿನಿಂದ ಇಂಟರ್ನೆಟ್‌ಗೆ ಹೋಗೋಕೆ ಹಾಕೋ ನ್ಯಾಟ್ ಗೇಟ್‌ವೇ ಗಂಟೆ ಲೆಕ್ಕದಲ್ಲಿ ಚಾರ್ಜ್ ಮಾಡುತ್ತೆ, ನೀವು ಬಳಸಿ, ಬಿಡಿ. ಹನ್ನೊಂದು ಅಕೌಂಟಿನಲ್ಲಿ ಹನ್ನೊಂದು ಇಟ್ಟರೆ ಮೇಡಂ ನಮ್ಮನ್ನು ಕಾಲೇಜಿನಿಂದಲೇ ಡಿಲೀಟ್ ಮಾಡ್ತಾರೆ. ಇನ್ನು ‘ಪ್ರತಿ ಅಕೌಂಟಿಗೂ ಫ್ರೀ ಟಿಯರ್ ಬೇರೆ ಬೇರೆ ಸಿಗುತ್ತೆ ಮಗಾ’ ಅಂತ ಅವನ ಗುಟ್ಟಿನ ಪ್ಲಾನ್. ಸಿಗಲ್ಲ. ಎಲ್ಲ ಅಕೌಂಟ್‌ಗಳನ್ನೂ ಒಂದೇ ಬಿಲ್ಲಿನ ಕೆಳಗೆ ತಂದ ಮೇಲೆ ಫ್ರೀ ಟಿಯರ್ ಅನ್ನೋದು ಎಲ್ಲರ ಬಳಕೆ ಕೂಡಿಸಿ ಲೆಕ್ಕ.

ಮೂರನೆಯದೇ ದೊಡ್ಡದು. ಪ್ರತಿ ಅಕೌಂಟಿಗೂ ನೋಡ್ಕೊಳ್ಳೋ ಒಬ್ಬ ಮನುಷ್ಯ ಬೇಕು. ಯಾರೂ ಇಲ್ಲದ ಮನೆಗೆ ಬೀಗ ಎಷ್ಟು ಗಟ್ಟಿ ಇದ್ದರೂ ಒಳಗೆ ಏನಾಗ್ತಿದೆ ಅಂತ ಯಾರಿಗೆ ಗೊತ್ತು? ಯಾರೋ ಗಿಟ್‌ಹಬ್‌ಗೆ ಆಕ್ಸೆಸ್ ಕೀ ಸಮೇತ ಕೋಡ್ ಹಾಕಿಬಿಡ್ತಾರೆ, ಇನ್ಯಾರೋ ಅದನ್ನು ಹಿಡಿದು ನಿಮ್ಮ ಲೆಕ್ಕದಲ್ಲಿ ಕ್ರಿಪ್ಟೋ ಮೈನಿಂಗ್ ಮಾಡ್ತಾರೆ. ದಿನಾ ನೋಡೋ ಅಕೌಂಟಾದರೆ ಮರುದಿನ ಕಣ್ಣಿಗೆ ಬೀಳುತ್ತೆ. ಮರೆತ ಅಕೌಂಟಾದರೆ ತಿಂಗಳ ಕೊನೆಗೆ ಬಿಲ್ಲಿನಲ್ಲಿ. ಹನ್ನೊಂದು ಅಕೌಂಟ್ ನೋಡ್ಕೊಳ್ಳೋಕೆ ನಮ್ಮಲ್ಲಿ ಹನ್ನೊಂದು ಜನ ಇದ್ದಾರಾ? ಪತ್ರಿಕೆಯ ಪ್ರೂಫ್ ಓದೋಕೇ ಮೂರು ಜನ ಸಿಗಲ್ಲ.

ನನ್ನ ಸಂಖ್ಯೆ ನಾಲ್ಕು. ಅದು ಎಲ್ಲಿಂದ ಬಂತು ಅಂತ ಹೇಳ್ತೀನಿ, ಒಪ್ಪದಿದ್ದರೆ ಅಲ್ಲೇ ಹಿಡೀರಿ.

ಎಡಬ್ಲ್ಯುಎಸ್‌ನಲ್ಲಿ ‘ಆರ್ಗನೈಸೇಷನ್ಸ್’ ಅಂತ ಒಂದು ವ್ಯವಸ್ಥೆ 2017ರಿಂದ ಎಲ್ಲರಿಗೂ ಸಿಗ್ತಿದೆ. ಹಲವು ಅಕೌಂಟ್‌ಗಳನ್ನು ಒಂದು ಯಜಮಾನ ಅಕೌಂಟಿನ ಕೆಳಗೆ ತಂದು ಬಿಲ್ ಒಂದೇ ಮಾಡಿ, ‘ಈ ಅಕೌಂಟಿನಲ್ಲಿ ಇಂಥದ್ದು ನಡೆಯಕೂಡದು’ ಅಂತ ಮೇಲಿನಿಂದ ಕಟ್ಟಳೆ ಹಾಕಬಹುದು. ಆ ಕಟ್ಟಳೆಗಳು ಕೆಳಗಿನ ಅಕೌಂಟಿನ ಅಡ್ಮಿನ್‌ಗೂ, ಅದರ ರೂಟ್ ಯೂಸರ್‌ಗೂ ಅನ್ವಯ. ಯಜಮಾನ ಅಕೌಂಟಿಗೆ ಮಾತ್ರ ಅನ್ವಯ ಆಗಲ್ಲ. ಅದಕ್ಕೇ ಅಲ್ಲಿ ಯಾವ ಕೆಲಸವನ್ನೂ ಇಡಬಾರದು. ಅದು ಖಾಲಿ ಇರಬೇಕು, ಬಿಲ್ಲು ಮತ್ತು ಕಟ್ಟಳೆ ಬಿಟ್ಟರೆ ಬೇರೇನೂ ಇಲ್ಲ. ಒಂದಾಯಿತು.

ಎರಡನೆಯದು ಆಟದ ಬಯಲು. ವರ್ಕ್‌ಶಾಪು, ಪ್ರಯೋಗ, ಜಿಪಿಯು, ಎಲ್ಲ ಕ್ಲಬ್‌ಗಳದೂ ಇಲ್ಲೇ. ಇಲ್ಲಿರೋದು ಯಾವಾಗ ಬೇಕಾದರೂ ಹೋಗಬಹುದು ಅಂತ ಎಲ್ಲರಿಗೂ ಗೊತ್ತಿರಬೇಕು. ಪ್ರತಿ ಸೆಮಿಸ್ಟರ್ ಮುಗಿದಾಗ ಬೇಕಂತಲೇ ಎಲ್ಲಾ ಗುಡಿಸಿ ಹಾಕೋಣ. ನನ್ನ ಸ್ಕ್ರಿಪ್ಟು ಓಡಬೇಕಿದ್ದಿದ್ದು ಇಲ್ಲಿ. ದೊಡ್ಡ ಮೆಷಿನ್‌ಗಳನ್ನು ಶುರು ಮಾಡೋಕೇ ಆಗದ ಹಾಗೆ ಮೇಲಿನಿಂದ ಕಟ್ಟಳೆ ಹಾಕಬಹುದು. ಬಜೆಟ್ ಅಲರ್ಟ್ ಸಾಕು ಅಂತ ಕೆಲವರು ಹೇಳ್ತಾರೆ, ಆದರೆ ಖರ್ಚಿನ ಲೆಕ್ಕ ಕೆಲವು ಗಂಟೆ ತಡವಾಗಿ ಬರುತ್ತೆ, ಮತ್ತು ಬರೀ ಅಲರ್ಟ್ ಬಂದ ಮಾತ್ರಕ್ಕೆ ಮೆಷಿನ್ ನಿಲ್ಲಲ್ಲ.

ಮೂರನೆಯದು ಹೊರಗಿನವರಿಗೆ ಕಾಣೋದು. ಫೆಸ್ಟ್ ಸೈಟು, ಪತ್ರಿಕೆಯ ಸೈಟು. ಇವೆರಡನ್ನೂ ಬೇರೆ ಮಾಡಬೇಕಾ ಅಂತ ತುಂಬಾ ಯೋಚನೆ ಮಾಡಿದೆ. ಫೆಸ್ಟಿನಲ್ಲಿ ರಿಜಿಸ್ಟ್ರೇಷನ್ ಮಾಡಿದವರ ಫೋನ್ ನಂಬರ್‌ಗಳಿವೆ, ಪತ್ರಿಕೆಯಲ್ಲಿ ಕವಿತೆಗಳಿವೆ, ಕವಿತೆ ಕದಿಯೋಕೆ ಯಾರೂ ಬರಲ್ಲ. ಭದ್ರತೆಯ ಲೆಕ್ಕದಲ್ಲಿ ಬೇರೆ ಮಾಡೋದೇ ಸರಿ ಇರಬಹುದು. ಆದರೆ ಎರಡನ್ನೂ ನೋಡ್ಕೊಳ್ಳೋ ಜನ ಅವರೇ ಇಬ್ಬರು, ಬದಲಾವಣೆ ಮಾಡೋದು ವರ್ಷಕ್ಕೆ ನಾಲ್ಕು ಸಲ. ಸದ್ಯಕ್ಕೆ ಒಂದೇ ಇರಲಿ ಅನ್ನೋದು ನನ್ನ ಮತ. ಇಲ್ಲಿ ನಾನು ತಪ್ಪಿರಬಹುದು. ಯಾರಾದರೂ ವಾದ ಮಾಡಿದರೆ ಐದಕ್ಕೆ ಒಪ್ಪೋಕೆ ರೆಡಿ.

ನಾಲ್ಕನೆಯದರ ಬಗ್ಗೆ ಮಾತ್ರ ರಾಜಿ ಇಲ್ಲ. ಅದು ಉಗ್ರಾಣ. ರೆಕಾರ್ಡಿಂಗ್‌ಗಳು, ಹಳೆ ಸಂಚಿಕೆಗಳು, ಫೆಸ್ಟ್ ಫೋಟೋಗಳು, ಎಲ್ಲದರ ಪ್ರತಿ. ಬೇರೆ ಅಕೌಂಟ್‌ಗಳಿಂದ ಇಲ್ಲಿಗೆ ಹಾಕಬಹುದು, ಇಲ್ಲಿಂದ ತೆಗೆಯೋಕೆ, ಅಳಿಸೋಕೆ ಆಗಬಾರದು. ವರ್ಷನಿಂಗ್ ಆನ್. ಅಳಿಸೋ ಅಧಿಕಾರ ಇರೋರು ಇಬ್ಬರೇ, ಅವರಿಬ್ಬರೂ ವರ್ಕ್‌ಶಾಪ್ ವಾಲಂಟಿಯರ್ ಆಗಿರಬಾರದು. ಕಂಪನಿಗಳೂ ಇದನ್ನೇ ಮಾಡ್ತವೆ. ಎಡಬ್ಲ್ಯುಎಸ್‌ನ ಕಂಟ್ರೋಲ್ ಟವರ್ ಅನ್ನೋ ಸಾಧನ ಬಳಸಿ ವ್ಯವಸ್ಥೆ ಶುರು ಮಾಡಿದರೆ, ನಿಮ್ಮ ಸ್ವಂತ ಕೆಲಸ ಒಂದು ಸಾಲೂ ಶುರುವಾಗೋ ಮುಂಚೆಯೇ ಮಾಮೂಲಿನಂತೆ ಯಜಮಾನ ಅಕೌಂಟ್, ಲಾಗ್‌ಗಳನ್ನು ಕೂಡಿಡೋಕೆ ಒಂದು, ಆಡಿಟ್‌ಗೆ ಒಂದು ಅಂತ ಮೂರು ಅಕೌಂಟ್ ಆಗಿರುತ್ತೆ. ನಮಗೆ ಅಷ್ಟು ದೊಡ್ಡ ವೈಭವ ಬೇಡ. ಉಗ್ರಾಣ ಒಂದು ಬೇಕು.

ಇನ್ನೊಂದು ವಿಷಯ, ಇದು ಕಂಪನಿಗಳಿಗಿಂತ ನಮಗೆ ಜಾಸ್ತಿ ಕಾಡೋದು. ನಾವು ನಾಲ್ಕು ವರ್ಷಕ್ಕೆ ಹೊರಟು ಹೋಗೋ ಜನ. ಈಗಿರೋ ಅಕೌಂಟಿನ ರೂಟ್ ಲಾಗಿನ್ ಯಾರದು ಗೊತ್ತಾ? ಪಾಸಾಗಿ ಹೋದ ಸೀನಿಯರ್ ಒಬ್ಬರ ಸ್ವಂತ ಜೀಮೇಲ್. ಓಟಿಪಿ ಬರೋದು ಅವರ ಫೋನಿನ ಆ್ಯಪ್‌ಗೆ. ಪಾಪ, ಒಳ್ಳೆಯವರು, ಫೋನ್ ಮಾಡಿದಾಗೆಲ್ಲ ಎತ್ತುತ್ತಾರೆ. ಆದರೆ ಅವರು ಈಗ ಜರ್ಮನಿಯಲ್ಲಿದ್ದಾರೆ, ನಮ್ಮ ಬೆಳಗಿನ ತುರ್ತು ಅವರ ನಡುರಾತ್ರಿ. ಪ್ರತಿ ಅಕೌಂಟಿಗೂ ಬೇರೆ ಬೇರೆ ಈಮೇಲ್ ವಿಳಾಸ ಬೇಕೇ ಬೇಕು. ಹನ್ನೊಂದು ಅಕೌಂಟನ್ನು ಹನ್ನೊಂದು ಜನರ ಸ್ವಂತ ಮೇಲ್‌ನಲ್ಲಿ ತೆರೆದರೆ ಮೂರು ವರ್ಷದಲ್ಲಿ ಹನ್ನೊಂದು ದೇಶಕ್ಕೆ ಫೋನ್ ಮಾಡ್ತಾ ಕೂರಬೇಕು. ಇದಕ್ಕೆ ಕಾಲೇಜಿನ ಡೊಮೈನ್‌ನಲ್ಲಿ ಗ್ರೂಪ್ ವಿಳಾಸಗಳನ್ನು ಮಾಡಿಸಬೇಕು. ಒಂದು ರೂಟ್‌ಗೆ ಎಂಟು ಎಮ್‌ಎಫ್‌ಎ ಸಾಧನಗಳ ತನಕ ಜೋಡಿಸಬಹುದು, ನಮಗೆ ಎರಡು ಸಾಕು: ಮೇಡಂ ಹತ್ರ ಒಂದು, ಡಿಪಾರ್ಟ್‌ಮೆಂಟ್ ಬೀರುವಿನಲ್ಲಿ ಒಂದು. ಆರ್ಗನೈಸೇಷನ್ಸ್ ಒಳಗಿಂದಲೇ ಹೊಸ ಅಕೌಂಟ್ ಮಾಡಿದರೆ ಅದರ ರೂಟ್‌ಗೆ ಪಾಸ್‌ವರ್ಡೇ ಇಲ್ಲದೆ ಬಿಡಬಹುದು, ಅಂದ್ರೆ ಜೋಪಾನ ಮಾಡಬೇಕಾದ ದೊಡ್ಡ ಕೀಲಿ ಯಜಮಾನ ಅಕೌಂಟಿನದು ಒಂದೇ.

ಸೀನಿಯರ್ ಅವರಿಗೆ ಈ ಲೇಖನದ ಡ್ರಾಫ್ಟ್ ತೋರಿಸಿದೆ. ‘ನಾಲ್ಕು ಅಕೌಂಟ್ ಸೆಟಪ್ ಮಾಡೋದು ಒಂದು ವಾರದ ಕೆಲಸ, ಮಾಡೋರು ಯಾರು?’ ಅಂದರು. ನಾನೇ ಮಾಡ್ತೀನಿ ಅಂದೆ. ಅವರು ನಕ್ಕು, ‘ನಿನಗೆ ಮತ್ತೆ ಅಡ್ಮಿನ್ ಆಕ್ಸೆಸ್ ಕೊಡಬೇಕಾ?’ ಅಂದರು. ಪ್ರಶ್ನೆ ನ್ಯಾಯವಾದದ್ದೇ. ಉಗ್ರಾಣದ ಕೀಲಿ ನನಗೆ ಬೇಡ ಅಂತ ಮೀಟಿಂಗಿನಲ್ಲಿ ನಾನೇ ಹೇಳ್ತೀನಿ.

ಇನ್ನೂ ಸಿಗದ ಏಳು ರೆಕಾರ್ಡಿಂಗ್‌ಗಳ ಪಟ್ಟಿ ಕನ್ನಡ ಸಂಘದ ನೋಟಿಸ್ ಬೋರ್ಡಿನಲ್ಲಿದೆ. ಎರಡು ವರ್ಷದ ಹಿಂದೆ ರಾಜ್ಯೋತ್ಸವದ ಹೊತ್ತಿಗೆ ಸಂಘದ ಗ್ರೂಪಿನಲ್ಲಿದ್ದವರು ಯಾರಾದರೂ ಇದನ್ನು ಓದ್ತಾ ಇದ್ದರೆ, ದಯವಿಟ್ಟು ಹಳೆ ಫೋನಿನ ವಾಟ್ಸ್ಯಾಪ್ ಆಡಿಯೋ ಫೋಲ್ಡರ್ ಒಂದು ಸಲ ತೆಗೆದು ನೋಡಿ. ಯಳಂದೂರಿನ ಅಜ್ಜಿಯದು ಸುಮಾರು ಹದಿನಾಲ್ಕು ನಿಮಿಷದ ಫೈಲು, ಶುರುವಿನಲ್ಲಿ ಹಿಂದೆ ಕೋಳಿ ಕೂಗೋದು ಕೇಳುತ್ತೆ.